ಬಿಸಿ ಮೂಟೆ

"ಹಿಂಡಬೇಡಿ! ಬಿಡಿ, ಬಿಡಿ, ಹಾಗೇ ಕೆಳಗೆ ಬಿಡಿ!"

ಮೇಸ್ತ್ರಿ ಓಡಿಬರುತ್ತಲೇ ಕೂಗುತ್ತಿದ್ದ. ದೊಡ್ಡಕ್ಕ ಬಿಡಲಿಲ್ಲ. ಬಿಡುವ ಹಾಗೂ ಇರಲಿಲ್ಲ. ಕೋಟಿನ ಒಂದು ತುದಿ ಅವಳ ಕೈಯಲ್ಲಿತ್ತು, ಇನ್ನೊಂದು ತುದಿ ಎದುರಿಗೆ ನಿಂತ ಗಿಡ್ಡಿಯ ಕೈಯಲ್ಲಿ. ನಡುವೆ ನೀರು ಕುಡಿದ ದಪ್ಪ ಬಟ್ಟೆ ಹಗ್ಗದ ಹಾಗೆ ತಿರುಚಿಕೊಂಡಿತ್ತು. ಒಬ್ಬಳು ಬಿಟ್ಟರೆ ಇನ್ನೊಬ್ಬಳು ಅಂಗಾತ ಬೀಳುವುದೇ. ಸುಡುನೀರು ಮೊಣಕೈವರೆಗೆ ಇಳಿಯುತ್ತಿತ್ತು. ಇಬ್ಬರೂ ಹಲ್ಲು ಕಚ್ಚಿ ಇನ್ನೊಂದು ಸುತ್ತು ತಿರುಚಿದರು.

"ಕಿವಿ ಕೇಳಲ್ವಾ? ಸಾಹೇಬರು ಬರ್ತಿದ್ದಾರೆ!"

"ಬರಲಿ ಬಿಡಣ್ಣ. ಅವರನ್ನೂ ಒಂದ್ಸಲ ಹಿಂಡಿ ಕಳಿಸೋಣ," ಅಂದಳು ಗಿಡ್ಡಿ.

ತೊಟ್ಟಿಯ ಸುತ್ತ ನಿಂತಿದ್ದ ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಮೇಸ್ತ್ರಿ ನಗಲಿಲ್ಲ. ದಿನಾ ನಗಿಸುವವನು ಅವನೇ. ಇವತ್ತು ಅವನ ಮುಖ ಒಗೆದು ಹಿಂಡಿದ ಹಾಗಿತ್ತು.

ಸಾಹೇಬ ಬಾಗಿಲಲ್ಲೇ ನಿಂತ. ಮೂಗಿಗೆ ಕರವಸ್ತ್ರ ಹಿಡಿದಿದ್ದ. ಹೆಂಗಸರು ಅವನನ್ನು ಮೆತ್ತಗಿನ ಸಾಹೇಬ ಅಂತ ಕರೆಯುತ್ತಿದ್ದರು. ಅವನು ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಕೆಲಸದಿಂದ ತೆಗೆಯುವಾಗಲೂ ಮಗುವನ್ನು ಮಲಗಿಸುವವನ ಹಾಗೆ ಮಾತಾಡುತ್ತಿದ್ದ. ಒಗೆಯುವ ಶೆಡ್ಡಿಗೆ ಅವನು ಕಾಲಿಟ್ಟದ್ದು ಇದೇ ಮೊದಲು. ಪಕ್ಕದಲ್ಲಿ ಅವನ ಸಹಾಯಕನಿದ್ದ.

ಗೋಡೆಯುದ್ದಕ್ಕೂ ಮೂಟೆಗಳು ಒರಗಿದ್ದವು. ಕಾರ್ಖಾನೆಯ ಕೋಟು, ಪ್ಯಾಂಟು, ಟೋಪಿ. ಕೆಲವು ಮೂಟೆಗಳ ಮೇಲೆ ಕೆಂಪು ಬಣ್ಣದಲ್ಲಿ ದಪ್ಪಗೆ ಒಂದೇ ಮಾತು ಬರೆದಿತ್ತು: ಬಿಸಿ.

"ಇವನ್ನ ಕೈಯಲ್ಲೇ ಒಗೀತಾರಾ?" ಸಾಹೇಬ ಮೇಸ್ತ್ರಿಯನ್ನು ಕೇಳಿದ.

"ಕೈಯಲ್ಲೇ ಸ್ವಾಮಿ. ಮಿಷನ್ನು ಕೆಟ್ಟು ಯಾವ ಕಾಲ ಆಯ್ತು."

"ಈ ನೀರು ಯಾಕೆ ಹೀಗೆ ಕುದೀತಿದೆ?"

ಮೇಸ್ತ್ರಿ ತಬ್ಬಿಬ್ಬಾದ. ಅಷ್ಟೂ ಗೊತ್ತಾಗದ ಸಾಹೇಬನಿಗೆ ಹೇಗೆ ಹೇಳುವುದು ಅಂತ ದೊಡ್ಡಕ್ಕನ ಕಡೆ ನೋಡಿದ. ಅವಳು ಮೂಟೆಯ ಕಡೆ ಗದ್ದ ತೋರಿಸಿದಳು.

"ಅಲ್ಲೇ ಬರೆದಿದೆಯಲ್ಲ ಸ್ವಾಮಿ. ಬಿಸಿ ಅಂತ. ಬಿಸಿನೀರಲ್ಲಿ ಒಗೀರಿ ಅಂತ ತಾನೆ? ಬರೀದೆ ಇರೋ ಮೂಟೆ ತಣ್ಣೀರಿಗೆ, ಬರೆದಿರೋದು ಬಿಸಿನೀರಿಗೆ. ಒಂದು ದಿನಾನೂ ತಪ್ಪಿಸಿಲ್ಲ ನಾವು."

ಸಾಹೇಬ ಮೂಟೆಯನ್ನು ನೋಡಿದ. ಕುದಿಯುವ ತೊಟ್ಟಿಯನ್ನು ನೋಡಿದ. ಆಮೇಲೆ ನಕ್ಕ. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಕರವಸ್ತ್ರ ಮೂಗಿನಿಂದ ಜಾರಿತು. ಸಹಾಯಕನ ಭುಜ ಹಿಡಿದುಕೊಂಡ.

"ಕೇಳಿದಿರೇನ್ರೀ? ಬಿಸಿ ಅಂದ್ರೆ ಬಿಸಿನೀರಂತೆ!"

ಸಹಾಯಕ ನೆಲ ನೋಡುತ್ತ ತುಟಿ ಕಚ್ಚಿಕೊಂಡ. ತಮ್ಮ ಮೇಲೆ ಎದ್ದ ನಗು ಅಂತ ಹೆಂಗಸರಿಗೆ ಗೊತ್ತಾಗಿತ್ತು, ಯಾಕೆಂದು ಗೊತ್ತಾಗಿರಲಿಲ್ಲ. ಗಿಡ್ಡಿ ತನ್ನ ಬಟ್ಟೆ ಎಲ್ಲಾದರೂ ಹರಿದಿದೆಯೋ ಅಂತ ಮೈ ಸವರಿಕೊಂಡಳು.

"ಯಾಕೆ ನಗ್ತೀರಿ ಸ್ವಾಮಿ?" ದೊಡ್ಡಕ್ಕ ಕೇಳಿದಳು.

"ಏನಿಲ್ಲಮ್ಮ. ಅದು ನೀರಿನ ಬಿಸಿ ಅಲ್ಲ. ಬೇರೆ ಬಿಸಿ."

"ಯಾವ ಬಿಸಿ?"

ಆಗ ಅವನ ನಗು ನಿಂತಿತು. ಬಾಯಿ ತಪ್ಪಿ ಆಡಿದೆನೆಂದು ಅವನಿಗೆ ತಿಳಿಯಿತು. "ಕಣ್ಣಿಗೆ ಕಾಣೋದಲ್ಲ. ಮುಟ್ಟಿದರೂ ಗೊತ್ತಾಗಲ್ಲ. ನೀವು ತಲೆ ಕೆಡಿಸ್ಕೋಬೇಡಿ," ಅಂದ, ಎಂದಿನ ಮೆತ್ತಗಿನ ದನಿಯಲ್ಲಿ.

ದೊಡ್ಡಕ್ಕ ತನ್ನ ಕೈ ನೋಡಿಕೊಂಡಳು.

ಉಗುರು ಕಪ್ಪಾಗಿದ್ದವು. ಎರಡು ಬೆರಳಿಗೆ ಉಗುರೇ ಇರಲಿಲ್ಲ. ಅಂಗೈ ಚರ್ಮ ಹಳೆಯ ಗೋಡೆಯ ಸುಣ್ಣದ ಹಾಗೆ ಏಳುತ್ತಿತ್ತು. ಇದೆಲ್ಲ ಒಗೆಯುವ ಸೋಡಾದಿಂದ ಅಂತ ಅವಳು ತಿಳಿದಿದ್ದಳು. ಬಿಸಿನೀರಿನಿಂದ ಅಂತ ತಿಳಿದಿದ್ದಳು. ಇದೇ ತೊಟ್ಟಿಯಲ್ಲಿ ಒಗೆಯುತ್ತಿದ್ದ ಅವಳ ನಾದಿನಿಗೂ ಕೈ ಹೀಗೇ ಆಗಿತ್ತು. ಆಮೇಲೆ ವಸಡಿನಲ್ಲಿ ರಕ್ತ ಬಂತು. ಆಮೇಲೆ ಕೂದಲು ಉದುರಿತು. ಈಗ ನಾದಿನಿ ಮನೆಯಲ್ಲಿ ಮಲಗಿದ್ದಳು. ಬಡವರಿಗೆ ಬರುವ ನಿಶ್ಶಕ್ತಿ, ಚೆನ್ನಾಗಿ ತಿಂದರೆ ಸರಿಹೋಗುತ್ತದೆ ಅಂತ ಊರಿನ ಡಾಕ್ಟರು ಹೇಳಿದ್ದ.

ಗೋಡೆಯ ಆಚೆ ಕಾರ್ಖಾನೆ ಏನು ಮಾಡುತ್ತದೆ ಎಂಬುದು ಗುಟ್ಟೇನೂ ಆಗಿರಲಿಲ್ಲ. ಮೊದಲು ಗುಟ್ಟಾಗಿತ್ತು. ಒಂದು ದಿನ ಎಲ್ಲೋ ದೂರದ ಬಯಲಿನಲ್ಲಿ ಅಣುಬಾಂಬನ್ನು ಸಿಡಿಸಿ ನೋಡಿದರು, ರೇಡಿಯೋದಲ್ಲಿ ಹೇಳಿದರು, ಊರಿಗೆ ಊರೇ ಬೀದಿಗಿಳಿದು ಕುಣಿಯಿತು. ಕಾರ್ಖಾನೆಗೆ ಅವತ್ತು ರಜೆ. ಒಗೆಯುವವರಿಗೆ ರಜೆ ಇಲ್ಲ. ಅವತ್ತೇ ಎಂದಿಗಿಂತ ಹೆಚ್ಚು ಮೂಟೆ ಬಂದವು. ಗೋಡೆಯ ಈಚೆ ಬಾಂಬು ಅಂದರೆ ಮೂಟೆ. ಒಂದು ಬಾಂಬಿಗೆ ಎಷ್ಟು ಕೋಟು ಕೊಳೆಯಾಗುತ್ತದೆ ಅಂತ ಯಾವ ರೇಡಿಯೋದವರೂ ಹೇಳಲಿಲ್ಲ.

ಕಾರ್ಖಾನೆಯ ಬಸ್ಸಿನಲ್ಲಿ ಇವರಿಗೆ ಕೊನೆಯ ಸೀಟು. ಅದರ ಮುಂದಿನ ಸಾಲು ಯಾವಾಗಲೂ ಖಾಲಿ. ಆಳುಗಳು ನಿಂತುಕೊಂಡು ಹೋಗುತ್ತಿದ್ದರೇ ಹೊರತು ಅಲ್ಲಿ ಕೂರುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಇವರ ಟೀ ಲೋಟ ಬೇರೆ. ಇವರು ಅದನ್ನು ಕಂಡೇ ಬೆಳೆದವರು. ಇವರ ತಾಯಂದಿರೂ ಕಂಡವರ ಕೊಳೆ ತೊಳೆದವರು, ಬಾಗಿಲ ಹೊರಗೆ ನಿಂತು ಉಂಡವರು. ಜನ ದೂರ ಕೂತರೆ ಹೊಸದಾಗಿ ಕಾರಣ ಹುಡುಕುವ ಅಭ್ಯಾಸ ಇವರಿಗಿರಲಿಲ್ಲ. ಅಸಹ್ಯಪಟ್ಟು ದೂರ ಕೂತಿದ್ದಾರೆ ಅಂದುಕೊಂಡರು.

ಅಸಹ್ಯಪಟ್ಟಲ್ಲ. ಹೆದರಿ.

ವಿಕಿರಣ ಅಂಟಿದ ಬಟ್ಟೆಗೆ ಕಾರ್ಖಾನೆಯವರು ಬಿಸಿ ಅನ್ನುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. ಬಸ್ಸಿನವರಿಗೆ, ಕ್ಯಾಂಟೀನಿನವನಿಗೆ, ಮೂಟೆಯ ಮೇಲೆ ಬಣ್ಣ ಹಚ್ಚಿದವನಿಗೆ. ಮೂಟೆ ಬಿಚ್ಚುವವರಿಗೆ ಮಾತ್ರ ಗೊತ್ತಿರಲಿಲ್ಲ.

ಹಿಂದೊಮ್ಮೆ ಕೈಗವಸು ಕೇಳಿದ್ದರು. ಕೇಳಿದ್ದು ನಾದಿನಿ. ಸೋಡಾ ಉರಿಗೆ ತಾಳಲಾರದೆ ಮೇಸ್ತ್ರಿಯ ಬೆನ್ನು ಬಿದ್ದಿದ್ದಳು. ಮೇಸ್ತ್ರಿ ಒಳಗೆ ಹೋಗಿ ಕೇಳಿ ಬಂದ. "ಕೊಡಲ್ವಂತೆ. ಕೈಗವಸು ಕೊಟ್ಟರೆ ಮೂಟೇಲಿ ಏನೋ ಇದೆ ಅಂತ ಒಪ್ಪಿಕೊಂಡ ಹಾಗಾಗತ್ತಂತೆ," ಅಂದಿದ್ದ. ಆಗ ಎಲ್ಲರೂ ನಕ್ಕಿದ್ದರು. ಮೂಟೆಯಲ್ಲಿ ಏನಿರುತ್ತದೆ, ಗಂಡಸರ ಬೆವರು.

ಸಾಹೇಬ ದೊಡ್ಡಕ್ಕನನ್ನು ಮೇಸ್ತ್ರಿಯ ಕೋಣೆಗೆ ಕರೆಸಿದ. ಕುರ್ಚಿ ಎಳೆದು ಅದರ ಮೇಲೆ ಹಳೆಯ ಪೇಪರು ಹಾಸಿಸಿದ. ಆಮೇಲೆ "ಕೂತ್ಕೊಳ್ಳಿ" ಅಂದ. ನಿನ್ನೆಯಾದರೆ ಬಟ್ಟೆ ಒದ್ದೆ ಅಂತ ಹಾಸಿದ್ದಾನೆ ಅಂದುಕೊಳ್ಳುತ್ತಿದ್ದಳು. ಅವಳು ಕೂರಲಿಲ್ಲ.

"ನೋಡಿ, ದೊಡ್ಡಕ್ಕ ಅಂತ ಕರೀತಾರಲ್ಲ ನಿಮ್ಮನ್ನ? ನಾನೂ ಹಾಗೇ ಕರೀತೀನಿ. ಹೊರದೇಶದಿಂದ ಪರೀಕ್ಷೆ ಮಾಡೋರು ಬಂದಿದ್ದಾರೆ. ಇರೋ ಬಾಂಬೆಲ್ಲ ಬಿಚ್ಚಿ ಹಾಕ್ತೀವಿ, ಇನ್ನು ಮಾಡಲ್ಲ ಅಂತ ನಮ್ಮ ಸರ್ಕಾರ ಸಹಿ ಹಾಕಿದೆ. ನಿಜವಾಗ್ಲೂ ನಿಲ್ಲಿಸಿದೀವಾ ಅಂತ ಅವರು ನೋಡ್ತಾರೆ. ಯಾವ ಕೆಲಸದೋರನ್ನ ಬೇಕಾದ್ರೂ ಕರೆಸಿ ಮಾತಾಡ್ತಾರೆ. ಒಗೆಯೋರಲ್ಲಿ ಎಲ್ಲರಿಗಿಂತ ಹಳಬರು ಯಾರಿದ್ದಾರೋ ಅವರನ್ನ ನಾಳೆ ಕರ್ಕೊಂಡು ಬನ್ನಿ ಅಂದಿದ್ದಾರೆ."

"ನನ್ನ ಹತ್ರ ಏನು ಕೇಳ್ತಾರೆ?"

"ಮೂರನೇ ಶೆಡ್ಡಿನ ಬಟ್ಟೆ ಈಗಲೂ ಬರತ್ತಾ ಅಂತ."

ಮೂರನೇ ಶೆಡ್ಡಿನ ಕೋಟಿಗೆ ನೀಲಿ ಪಟ್ಟಿ. ಬಾಂಬು ಮಾಡುತ್ತಿದ್ದ ಆ ಶೆಡ್ಡಿಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಿದ್ದನ್ನು ಪೇಪರಿನಲ್ಲಿ ಚಿತ್ರ ಸಮೇತ ಹಾಕಿದ್ದರು. ಚಿತ್ರ ಬಂದ ಮೇಲೂ ನೀಲಿ ಪಟ್ಟಿಯ ಕೋಟು ಬರುತ್ತಲೇ ಇತ್ತು. ಬೆಳಿಗ್ಗೆ ಹಿಂಡಿದ್ದೂ ಅದನ್ನೇ. ತೊಟ್ಟಿಗೆ ಹಾಕುವಾಗ ಅದರ ಕಂಕುಳಲ್ಲಿ ಬೆವರು ಇನ್ನೂ ಆರಿರಲಿಲ್ಲ.

"ಬರತ್ತಲ್ಲ ಸ್ವಾಮಿ."

"ಬರಲ್ಲ ಅನ್ನಬೇಕು. ನೀಲಿ ಪಟ್ಟೀದು ಆಸ್ಪತ್ರೆ ಬಟ್ಟೆ ಅನ್ನಬೇಕು. ಅಷ್ಟೇ."

ಸಾಹೇಬ ಮುಂದಕ್ಕೆ ಬಾಗಿದ.

"ಇದು ಸುಳ್ಳು ಅಂತ ತಿಳ್ಕೋಬೇಡಿ. ಕಾವಲು ಅಂತ ತಿಳ್ಕೊಳ್ಳಿ. ಗಡಿಯಾಚೆಯವರ ಹತ್ರ ಇದೆ. ನಾವು ಎಲ್ಲ ಬಿಚ್ಚಿ ಕೈ ಬರಿದು ಮಾಡ್ಕೊಂಡು ಕೂತು, ಅವರು ಮಾತ್ರ ಒಂದನ್ನ ಮುಚ್ಚಿಟ್ಕೊಂಡಿದ್ರೆ? ಅದಕ್ಕೇ ನಮ್ಮದೂ ಸ್ವಲ್ಪ ಇರಲಿ ಅಂತ."

"ಆಚೆಯವರು ಏನಂತಾರೆ?"

"ಅವರೂ ಇದನ್ನೇ ಅಂತಾರೆ." ಅಂದವನೇ ಸಾಹೇಬ ಸ್ವಲ್ಪ ಕಸಿವಿಸಿಗೊಂಡ. "ನಿಮಗೆ ಗೊತ್ತಿಲ್ಲಮ್ಮ. ಮೊದಲು ಹೊರಗೆ ಹೋದರೆ ನಮ್ಮನ್ನ ಕೇಳೋರಿರಲಿಲ್ಲ. ದೊಡ್ಡ ದೊಡ್ಡ ಸಭೆಗಳಲ್ಲಿ ನಮ್ಮ ಮಂತ್ರಿಗಳನ್ನ ಬಾಗಿಲ ಪಕ್ಕ ಕೂರಿಸ್ತಿದ್ರು. ಅವರು ಮಾತಾಡೋಕೆ ಎದ್ದರೆ ಜನ ಟೀ ಕುಡಿಯೋಕೆ ಎದ್ದು ಹೋಗ್ತಿದ್ರು. ಅದು ಬಂದ ಮೇಲೆ ಎದ್ದು ನಿಂತು ಕೈಕುಲುಕ್ತಾರೆ. ಬಾಗಿಲ ಪಕ್ಕ ಕೂರೋದು ಹೇಗಿರತ್ತೆ ಅಂತ ನಿಮಗೆ ಹೇಳಬೇಕಾ?"

ಅವನು ಅದನ್ನು ನಿಜವಾಗಿ ನಂಬಿ ಹೇಳುತ್ತಿದ್ದ. ಕಣ್ಣಲ್ಲಿ ನೀರು ಬರುವಷ್ಟು ನಂಬಿದ್ದ. ದೊಡ್ಡಕ್ಕ ಬಾಗಿಲ ಪಕ್ಕವೇ ನಿಂತಿದ್ದಳು.

"ನಿಮ್ಮ ನಾದಿನಿಗೆ ಹುಷಾರಿಲ್ಲವಂತೆ," ಅಂದ ಸಾಹೇಬ. "ನಾಳೆ ನೀವು ಅಷ್ಟು ಹೇಳಿ. ನಾಳೆ ಮಧ್ಯಾಹ್ನಾನೇ ಗೋಡೆ ಒಳಗಿನ ಆಸ್ಪತ್ರೆಯಲ್ಲಿ ಅವಳಿಗೆ ಹಾಸಿಗೆ. ನಮ್ಮ ಡಾಕ್ಟರಿಗೆ ಈ ಕಾಯಿಲೆ ಚೆನ್ನಾಗಿ ಗೊತ್ತು."

"ಚೆನ್ನಾಗಿ ಗೊತ್ತಾ?"

"ಚೆನ್ನಾಗಿ ಗೊತ್ತು."

ದೊಡ್ಡಕ್ಕ ಆ ಮಾತನ್ನು ಮನೆಯವರೆಗೂ ಹೊತ್ತುಕೊಂಡು ಹೋದಳು.

ಗಂಡ ಬೀದಿ ಬದಿಯಲ್ಲಿ ಪಂಕ್ಚರ್ ಹಾಕುತ್ತಿದ್ದ. ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆ ಅಂತ ನೋಡುತ್ತಿದ್ದ. ಎಲ್ಲ ಕೇಳಿಕೊಂಡ. ಬಿಸಿಯ ಮಾತು ಬಂದಾಗ ಟ್ಯೂಬು ಕೈ ಜಾರಿ ಬೋಗುಣಿಗೆ ಬಿತ್ತು. ಎತ್ತಿಕೊಳ್ಳಲಿಲ್ಲ.

"ಆಸ್ಪತ್ರೆ ಬಟ್ಟೆ ಅಂದುಬಿಡು," ಅಂದ ಆಮೇಲೆ. "ನಿನ್ನ ಬಾಯಿಂದ ಒಂದು ಮಾತು. ಅವಳಿಗೆ ಒಂದು ಹಾಸಿಗೆ. ನಿನ್ನ ಗಂಟೇನು ಹೋಗತ್ತೆ?"

"ನೀನು ಅವತ್ತು ಬೀದೀಲಿ ಕುಣಿದಿದ್ದೆ."

"ಕುಣಿದಿದ್ದೆ. ಇಲ್ಲ ಅಂತೀನಾ? ಅವತ್ತು ಆ ಬ್ಯಾಂಕಿನ ಮ್ಯಾನೇಜರು ನನ್ನ ತಬ್ಬಿಕೊಂಡ ಕಣೆ. ಕೈಯೆಲ್ಲ ಗ್ರೀಸು, ನೋಡಲೂ ಇಲ್ಲ. ಇಬ್ಬರೂ ಕೈ ಕೈ ಹಿಡಿದು ಕುಣಿದ್ವಿ. ನಾವು ಒಂದೇ ಅನ್ನಿಸ್ತು."

"ಮಾರನೇ ದಿನ?"

ಅವನು ಟ್ಯೂಬು ಎತ್ತಿಕೊಂಡ. ನೀರೊಳಗೆ ಸಣ್ಣಗೆ ಗುಳ್ಳೆ ಎದ್ದವು. "ಮಾರನೇ ದಿನ ಸೈಕಲ್ಲು ಬಿಟ್ಟು ಹೋದ, ಬೇಗ ಹಾಕೋ ಅಂದ," ಅಂದ. "ಅದು ಬಿಡು. ತಂಗಿ ಉಳೀಬೇಕು ನನಗೆ."

ಒಳಗೆ ನಾದಿನಿ ಗೋಡೆಗೆ ಒರಗಿ ಕೂತಿದ್ದಳು. ತಲೆಗೆ ಬಟ್ಟೆ ಸುತ್ತಿದ್ದಳು. ಬೀದಿಯ ಮಾತೆಲ್ಲ ಕಿಟಕಿಯಿಂದ ಕೇಳಿತ್ತು.

"ಅತ್ತಿಗೆ, ಹಾಗಾದ್ರೆ ಇಷ್ಟು ವರ್ಷ ನಾವು ಸೌದೆ ಸುಟ್ಟಿದ್ದು ದಂಡ?"

ಇಬ್ಬರಿಗೂ ನಗು ಬಂತು. ಬೇಡವೆಂದರೂ ಬಂತು. ಬೆಳಗಿನ ಜಾವ ಎದ್ದು ಆ ಹಂಡೆಯ ಒಲೆ ಹಚ್ಚಿದ್ದು, ಹೊಗೆಗೆ ಕಣ್ಣು ಉರಿಸಿಕೊಂಡದ್ದು, ನೀರು ಆರಿತು ಅಂತ ಮೇಸ್ತ್ರಿಯಿಂದ ಬೈಸಿಕೊಂಡದ್ದು. ನಾದಿನಿ ನಗುತ್ತ ಕೆಮ್ಮಿದಳು. ಕೆಮ್ಮಿದಾಗ ಹಲ್ಲಿನ ಸಂದು ಕೆಂಪಾಯಿತು. ದೊಡ್ಡಕ್ಕ ಒದ್ದೆ ಬಟ್ಟೆಯಲ್ಲಿ ಒರೆಸಿದಳು.

"ಆ ಪರೀಕ್ಷೆಯವರ ದೇಶದಲ್ಲೂ ಇದ್ಯಂತಲ್ಲ ಬಾಂಬು?"

"ಇದ್ಯಂತೆ. ನಮಗಿಂತ ಜಾಸ್ತಿ ಇದ್ಯಂತೆ."

"ಅವರ ಬಟ್ಟೆ ಯಾರು ಒಗೀತಾರೆ ಅಂತ ಕೇಳು ಅತ್ತಿಗೆ."

"ನಾಳೆ ನಾನು ಕೇಳೋಕೆ ಹೋಗ್ತಿಲ್ಲ. ಹೇಳೋಕೆ ಹೋಗ್ತಿದೀನಿ."

ನಾದಿನಿ ತಲೆಯ ಬಟ್ಟೆ ಬಿಗಿ ಮಾಡಿಕೊಂಡಳು. ಹೊರಗೆ ಗಂಡ ಪಂಪು ಹೊಡೆಯುವ ಸದ್ದು.

"ಬದುಕೋ ಆಸೆ ನನಗಿಲ್ಲ ಅಂತ ತಿಳ್ಕೋಬೇಡ. ತುಂಬಾ ಇದೆ," ಅಂದಳು. "ನೀನು ಸುಳ್ಳು ಹೇಳಿದ್ರೆ ಬೈಯಲ್ಲ. ಹೇಳದಿದ್ರೂ ಬೈಯಲ್ಲ. ಆದ್ರೆ ನನಗೋಸ್ಕರ ಹೇಳಿದೆ ಅನ್ನಬೇಡ. ನನ್ನ ಮೇಲೆ ಹೊರಿಸಬೇಡ. ನಾನು ಹೊತ್ತಿದ್ದು ಸಾಕು."

ಬೆಳಿಗ್ಗೆ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ದೊಡ್ಡಕ್ಕ ಬಾಯಿಪಾಠ ಮಾಡಿಕೊಂಡಳು. ನೀಲಿ ಪಟ್ಟೀದು ಆಸ್ಪತ್ರೆ ಬಟ್ಟೆ. ನೀಲಿ ಪಟ್ಟೀದು ಆಸ್ಪತ್ರೆ ಬಟ್ಟೆ. ಹೇಳುವುದು ಅಂತ ತೀರ್ಮಾನ ಮಾಡಿಯಾಗಿತ್ತು. ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿತ್ತು. ಸಾಲ ಕೊಟ್ಟವರಿಗೆ ಗಂಡ ಊರಲ್ಲಿಲ್ಲ ಅಂದಿದ್ದಳು. ಮೇಸ್ತ್ರಿಗೆ ಹೊಟ್ಟೆನೋವು ಅಂದಿದ್ದಳು. ಇದೂ ಒಂದು. ಗಡಿಯಾಚೆಯವರೂ ಹೇಳುತ್ತಾರೆ, ಈಚೆಯವರೂ ಹೇಳುತ್ತಾರೆ, ಪರೀಕ್ಷೆ ಮಾಡುವವರೂ ತಮ್ಮ ಮನೆಯದನ್ನು ಮುಚ್ಚಿಟ್ಟು ಬಂದವರೇ. ಇಷ್ಟು ದೊಡ್ಡ ದೊಡ್ಡವರ ಸುಳ್ಳಿನ ನಡುವೆ ಒಗೆಯುವವಳ ಒಂದು ಸುಳ್ಳು ಯಾವ ಲೆಕ್ಕ.

ಮುಂದಿನ ಸಾಲು ಖಾಲಿ ಇತ್ತು.

ಇವತ್ತು ಅವಳನ್ನು ದೊಡ್ಡ ಗೇಟಿನಿಂದಲೇ ಬಿಟ್ಟರು. ನುಣುಪು ನೆಲದ ಉದ್ದನೆಯ ಕಾರಿಡಾರು. ಕೊನೆಗೆ ಎರಡು ಕೋಣೆ, ನಡುವೆ ಗಾಜಿನ ಬಾಗಿಲು. ಆಚೆ ಕೋಣೆಯಲ್ಲಿ ಪರೀಕ್ಷೆಯವರು ಕೂತಿದ್ದರು. ಕನ್ನಡಕ ಹಾಕಿದ ಒಬ್ಬ ನಡುವಯಸ್ಸಿನ ಹೆಂಗಸು, ಪಕ್ಕದಲ್ಲಿ ಭಾಷೆ ತಿಳಿಸುವವನು. ಮೇಸ್ತ್ರಿಯನ್ನು ಅದೇ ಆಗ ಒಳಗೆ ಕರೆದಿದ್ದರು. ಆ ಹೆಂಗಸು ಎದ್ದು ನಿಂತು ಕೈ ಚಾಚಿದಳು. ಮೇಸ್ತ್ರಿ ತನ್ನ ಕೈಯನ್ನು ಪ್ಯಾಂಟಿಗೆ ಒರೆಸಿ, ಇನ್ನೊಮ್ಮೆ ಒರೆಸಿ, ಕೊಟ್ಟ. ಮೇಸ್ತ್ರಿಯ ಕೈ ಚೆನ್ನಾಗಿತ್ತು. ಅವನು ಎಂದೂ ಮೂಟೆ ಬಿಚ್ಚಿದವನಲ್ಲ.

ಈಚೆ ಕೋಣೆಯಲ್ಲಿ ಮೆತ್ತಗಿನ ಸಾಹೇಬ ಕಾಯುತ್ತಿದ್ದ. ಮೇಜಿನ ಮೇಲೆ ಒಂದು ರಟ್ಟಿನ ಡಬ್ಬಿ.

"ಎಲ್ಲ ನೆನಪಿದೆಯಾ?"

"ನೀಲಿ ಪಟ್ಟೀದು ಆಸ್ಪತ್ರೆ ಬಟ್ಟೆ."

"ಭೇಷ್. ಒಂದೇ ಒಂದು ಬಾಕಿ." ಅವನು ಡಬ್ಬಿ ತೆರೆದ. ಒಳಗೆ ಒಂದು ಜೊತೆ ಬಿಳಿ ಕೈಗವಸು. ಹೊಸದು. ಮೆತ್ತಗೆ ಕಾಣುತ್ತಿತ್ತು. "ಆ ಹೆಂಗಸು ಕಂಡೋರೆಲ್ಲರ ಕೈಕುಲುಕ್ತಾಳೆ. ಅವಳಿಗೆ ಅದೊಂದು ಅಭ್ಯಾಸ. ಇದನ್ನ ಹಾಕ್ಕೊಂಡೇ ಒಳಗೆ ಹೋಗಿ. ಎಲ್ಲರಿಗೂ ಕೊಟ್ಟಿದೀವಿ ಅಂತ ನಾನು ಹೇಳ್ತೀನಿ."

ಡಬ್ಬಿಯನ್ನು ಪೆನ್ನಿನ ತುದಿಯಿಂದ ಅವಳ ಕಡೆ ತಳ್ಳಿದ.

ದೊಡ್ಡಕ್ಕ ಅದನ್ನು ಮುಟ್ಟಲಿಲ್ಲ. "ಎಲ್ಲಿಂದ ತಂದ್ರಿ?"

"ಸ್ಟೋರಿಂದ."

"ಇಲ್ಲಿಯ ಸ್ಟೋರಾ?"

"ಇಲ್ಲೀದೇ. ಪೆಟ್ಟಿಗೆ ಪೆಟ್ಟಿಗೆ ಬಿದ್ದಿವೆ. ಬೇಗ ಹಾಕ್ಕೊಳ್ಳಿ."

ಪೆಟ್ಟಿಗೆ ಪೆಟ್ಟಿಗೆ. ಗೋಡೆಯ ಆಚೆ, ಕೂಗಿದರೆ ಕೇಳುವಷ್ಟು ಹತ್ತಿರ. ನಾದಿನಿ ಮೇಸ್ತ್ರಿಯ ಹಿಂದೆ ಸುತ್ತುತ್ತಿದ್ದ ದಿನವೂ ಅಲ್ಲೇ ಇದ್ದವು. ಅವಳ ಮೊದಲ ಉಗುರು ತೊಟ್ಟಿಯಲ್ಲಿ ಕಳಚಿ ಬಿದ್ದ ದಿನವೂ ಅಲ್ಲೇ ಇದ್ದವು. ಅವಳು ಅದನ್ನು ಎತ್ತಿ ಗಿಡ್ಡಿಗೆ ತೋರಿಸಿ, ನೋಡೇ, ಗುಂಡಿ ಕಿತ್ತು ಬಂತು ಅಂತ ತಮಾಷೆ ಮಾಡಿದ್ದಳು.

ದೊಡ್ಡಕ್ಕ ಎರಡೂ ಕೈ ಮುಂದೆ ಚಾಚಿದಳು. ಅಂಗೈ ಮೇಲಾಗಿ, ಆಮೇಲೆ ಕೆಳಗಾಗಿ.

"ನೀವೇ ಹಾಕಿ ಸ್ವಾಮಿ."

"ಏನು?"

"ಬೆರಳಿನ ಚರ್ಮ ಏಳ್ತಿದೆ ನನಗೆ. ನೀವೇ ಹಿಡಿದು ಹಾಕಿ."

ಸಾಹೇಬ ಆ ಕೈಗಳನ್ನು ನೋಡಿದ. ಒಂದು ಹೆಜ್ಜೆ ಹಿಂದೆ ಸರಿದ. ಸರಿದದ್ದು ಅವನಿಗೇ ಗೊತ್ತಾಗಲಿಲ್ಲ. ಕುರ್ಚಿ ತಗುಲಿ ಸದ್ದಾದಾಗ ಗೊತ್ತಾಯಿತು. ಜೇಬಿನ ಕರವಸ್ತ್ರಕ್ಕೆ ಕೈ ಹೋಗಿತ್ತು.

"ನಾದಿನೀನ ನೆನಪಿಸ್ಕೊಳ್ಳಿ," ಅಂದ. ದನಿ ಮೆತ್ತಗೆ ಇರಲಿಲ್ಲ. "ಹಾಸಿಗೆ ರೆಡಿ ಇದೆ. ಡಾಕ್ಟರಿಗೆ ಹೇಳಿಯಾಗಿದೆ. ಸುಮ್ಮನೆ ಹಟ ಮಾಡಬೇಡಿ."

"ನಾದಿನಿ ನೆನಪಾಗ್ತಿದ್ದಾಳೆ."

"ನಾವು ಕೊಡದಿದ್ರೆ ಅವಳಿಗೆ ಬೇರೆ ಆಸ್ಪತ್ರೆ ಇಲ್ಲ. ನಿಮಗೆ ಬೇರೆ ಕೆಲಸ ಇಲ್ಲ. ದೇಶದ ಮಾನ ಹೋಗತ್ತೆ. ಇಷ್ಟಕ್ಕೂ ಕೇಳ್ತಿರೋದು ಏನು? ಒಂದು ಜೊತೆ ಕೈಗವಸು ಹಾಕ್ಕೊಳ್ಳಿ ಅಂತ. ನೀವೇ ಕೇಳಿದ್ರಲ್ಲ ಆವಾಗ?"

"ಆವಾಗ ಕೇಳಿದ್ವಿ."

ಗಾಜಿನ ಬಾಗಿಲು ತೆರೆಯಿತು. ಮೇಸ್ತ್ರಿ ತಲೆ ತಗ್ಗಿಸಿಕೊಂಡು ಹೊರಗೆ ಬಂದ. ಅವಳ ಮುಖ ನೋಡಲಿಲ್ಲ. ಅವನ ಹಿಂದೆ ಕನ್ನಡಕದ ಹೆಂಗಸು ಎದ್ದು ನಿಂತು ಬಾಗಿಲ ಕಡೆ ನೋಡುತ್ತಿದ್ದಳು. ಅವಳ ಕೈ ಆಗಲೇ ಅರ್ಧ ಮುಂದೆ ಬಂದಿತ್ತು.

ಸಾಹೇಬ ಡಬ್ಬಿಯನ್ನು ಎತ್ತಿಕೊಂಡು, ಈ ಸಲ ತಾನೇ ಎತ್ತಿಕೊಂಡು, ಅವಳ ಎದೆಯ ಹತ್ತಿರ ಹಿಡಿದ. "ದೊಡ್ಡಕ್ಕ," ಅಂದ, ಹಲ್ಲು ಬಿಗಿಹಿಡಿದು. "ಕರೀತಿದ್ದಾರೆ. ಹಾಕ್ಕೊಳ್ಳಿ."

"ಹಾಕ್ಕೊಳ್ಳಲ್ಲ," ಅಂದಳು ದೊಡ್ಡಕ್ಕ.